ತಣ್ಣಗಾದ ಹಂಚು

ಬೆಳಗಾವಿಯ ಮೆಡಿಕಲ್ ಅಂಗಡಿಯಿಂದ ಒಯ್ದಿದ್ದ ಮುಟ್ಟಿನ ನೋವಿನ ಮಾತ್ರೆಗಳು ಜರ್ಮನಿಯಲ್ಲಿ ಆರು ತಿಂಗಳಿಗೇ ಮುಗಿದವು. ಓದಲು ಹೋದವಳು ನಾನು. ಅಲ್ಲಿನ ಡಾಕ್ಟರಮ್ಮ ಅದೇ ಮಾತ್ರೆ ಬರೆದುಕೊಡಲು ಸುತರಾಂ ಒಪ್ಪಲಿಲ್ಲ. ಶುಂಠಿ ಕಷಾಯ ಕುಡಿ, ನಡೆದಾಡು, ಹೊಟ್ಟೆಗೆ ಶಾಖ ಕೊಡು ಎಂದಳು. ಇಷ್ಟು ಕೇಳಲು ಇಷ್ಟು ದೂರ ಬರಬೇಕಿತ್ತೇ ಎಂದು ಸಿಟ್ಟು ನೆತ್ತಿಗೇರಿತು. ಆಮೇಲೆ ಅತ್ತೆ ನೆನಪಾದಳು. ಅದು ಸಿಟ್ಟಿಗಿಂತ ಕೆಟ್ಟದ್ದು.

ಅತ್ತೆ ಎಂದರೆ ಅಪ್ಪನ ತಂಗಿ, ಖಾನಾಪುರದ ನಮ್ಮ ಮನೆಯಲ್ಲೇ ಇದ್ದವಳು. ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ ಎಂದು ಪಡಸಾಲೆಯಲ್ಲಿ ಕೂತು ವಾದಿಸುವ ಮನೆ ನಮ್ಮದು. ಹಿತ್ತಿಲ ಕೋಣೆಯಲ್ಲಿ ಮಾತ್ರ ಅಜ್ಜಿಯ ಕಾನೂನು. ಮುಟ್ಟಾದ ಮೂರು ದಿನ ಅತ್ತೆ ಅಲ್ಲೇ, ಗೋಣಿಚೀಲದ ಮೇಲೆ. ಒಡೆದ ಹಂಚಿನ ತುಂಡೊಂದನ್ನು ಅವ್ವ ಒಲೆಯಲ್ಲಿ ಕಾಸಿ, ಹಳೇ ಸೀರೆಯಲ್ಲಿ ಸುತ್ತಿ ಕೊಡುವಳು. ಅತ್ತೆಗೆ ಅದೊಂದೇ ಔಷಧ. ಅದನ್ನು ಹೊಸ್ತಿಲ ಮೇಲಿಟ್ಟು ಬರುವ ಕೆಲಸ ಹತ್ತು ವರ್ಷದ ನನ್ನದು. ಅವಳನ್ನು ಮುಟ್ಟಿದರೆ ಮತ್ತೆ ಜಳಕ.

ಒಂದು ಬೆಳಿಗ್ಗೆ ಅವಳು ಗೋಡೆಗೆ ಮುಖ ಮಾಡಿ ಮುದುಡಿದ್ದಳು.

"ಕೈಯಾಗ ಕೊಡವ್ವಾ, ಏಳಾಕ ಆಗವಲ್ದು."

"ಮತ್ತ ಜಳಕ ಮಾಡಬೇಕಾಕ್ಕೈತಿ. ಸಾಲಿಗೆ ಹೊತ್ತಾತು," ಎಂದು ಹಂಚನ್ನು ಹೊಸ್ತಿಲ ಮೇಲಿಟ್ಟು ಓಡಿದೆ.

ಸಂಜೆ ಬಂದಾಗ ಹಂಚು ಇಟ್ಟಲ್ಲೇ ಇತ್ತು. ಮುಟ್ಟಿ ನೋಡಿದೆ, ತಣ್ಣಗಿತ್ತು. ನಾನು ಬೆಳಗಾವಿಯ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ಅವಳು ತೀರಿಕೊಂಡಳು. ಅದುವರೆಗೂ ನಾನು ತಪ್ಪಾಯಿತು ಎಂದಿರಲಿಲ್ಲ.

ಜರ್ಮನಿಯ ಆ ಮನೆಗೆ ಹೊಸ್ತಿಲೇ ಇರಲಿಲ್ಲ. ಆದರೂ ನೋವಿನ ದಿನಗಳಲ್ಲಿ ಏನನ್ನೋ ದಾಟುವವಳಂತೆ ಕಾಲೆತ್ತಿ ಇಡುತ್ತಿದ್ದೆ. ಬಾಗಿಲಾಚೆ ಅತ್ತೆ ಮಲಗಿದ್ದಾಳೆ ಎಂದೇ ಅನಿಸುತ್ತಿತ್ತು. ಹಾಡುಹಗಲಲ್ಲೇ ಹೆದರುತ್ತಿದ್ದೆ. ಶಾಖದ ಪಟ್ಟಿ, ಬಿಸಿನೀರಿನ ಚೀಲ ಎಲ್ಲ ಆಯಿತು. ಕೊನೆಗೆ ಜೊತೆಗಿದ್ದ ಹುಡುಗಿ ಚೆರ್ರಿ ಬೀಜ ತುಂಬಿದ ಪುಟ್ಟ ದಿಂಬನ್ನು ಬಿಸಿ ಮಾಡಿ ತಂದಳು. ಬಾಗಿಲಲ್ಲಿ ನಿಲ್ಲದೆ ನೇರ ಒಳಗೆ ಬಂದು, ನನ್ನ ಹೊಟ್ಟೆಯ ಮೇಲಿಟ್ಟು ಅಂಗೈಯಿಂದ ಒತ್ತಿ ಹಿಡಿದಳು. ನನಗೆ ಅಳು ಉಕ್ಕಿ ಬಂತು. ನೋವಿಗೆ ಅಂದುಕೊಂಡಳು ಪಾಪ.

ಈ ಸಲ ರಜೆಗೆ ಖಾನಾಪುರಕ್ಕೆ ಬರುವಾಗ ಆ ದಿಂಬನ್ನೂ ತಂದೆ. ಹಿತ್ತಿಲ ಕೋಣೆಯಲ್ಲೀಗ ಸ್ಕೂಟರ್ ನಿಲ್ಲುತ್ತದೆ. ಅವ್ವ ದಿಂಬನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ನನ್ನ ಕೈಗಿಟ್ಟಳು.

"ನಿಮ್ಮತ್ತಿ ಇರಬೇಕಿತ್ತು ನೋಡಾಕ," ಎಂದಳು. "‘ಈ ಮನ್ಯಾಗ ಹಂಚ ನನ್ನ ಕೈಯಾಗ ಕೊಟ್ಟಾಕಿ ಅಂದ್ರ ನಮ್ಮಣ್ಣನ ಮಗಳು ಒಬ್ಬಾಕಿನ’ ಅಂತ, ಬಂದೋರ ಮುಂದೆಲ್ಲಾ ನಿನ್ನ ಹೊಗಳ್ತಿದ್ಲು. ಖರೇ ಏನ? ಅಜ್ಜಿಗೆ ಗೊತ್ತಾಗಲಾರದಂಗ ಕೊಡ್ತಿದ್ಯಾ?"

ಒಂದು ಸಲವೂ ಕೊಟ್ಟಿರಲಿಲ್ಲ.

"ಹೂಂ," ಎಂದೆ.