ಹುಕೂಮ ಮಾಫಿ

ಆಗ ನನಗೆ ಐವತ್ತೊಂದು. ಅದಾಗಿ ಮೂವತ್ತು ವರ್ಷದ ಮೇಲಾಯಿತು. ಗಂಡ ತೀರಿಹೋದ ಮೇಲೆ ಊರಲ್ಲಿ ಕೂತು ಮಾಡಲಿಕ್ಕೆ ಏನೂ ಇರಲಿಲ್ಲ, ಹಾಗಾಗಿ ದೋಹಾಕ್ಕೆ ಹೋದೆ. ಅಲ್ಲಿ ಅಲ್ ಹಿಲಾಲ್ ಎಂಬ ಬಡಾವಣೆಯ ಒಂದು ಅರಬಿ ಮನೆಯಲ್ಲಿ ಅಡುಗೆ ಕೆಲಸ.

ನನಗೆ ಬರುವುದು ಕೊಂಕಣಿ, ತುಳು, ಕನ್ನಡ. ಅರಬಿ ಒಂದಕ್ಷರ ಬಾರದು. ಶುರುವಿನಲ್ಲಿ ನನ್ನನ್ನು ಗಲಿಬಿಲಿ ಮಾಡಿದ್ದು ‘ಮಾಫಿ’ ಎಂಬ ಮಾತು. ನಮ್ಮಲ್ಲಿ ಮಾಫಿ ಎಂದರೆ ಕ್ಷಮೆ, ಪಾದ್ರಿಗಳ ಹತ್ತಿರ ಕೇಳುವಂಥದ್ದು. ಅಲ್ಲಿ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಕೇಳಿದರೆ ಮಾಫಿ, ಗ್ಯಾಸಿನವನನ್ನು ಕೇಳಿದರೆ ಮಾಫಿ. ಎಂಥ ಮರ್ಯಾದಸ್ಥ ಜನ, ಒಂದು ಕಟ್ಟು ಸೊಪ್ಪಿಗೂ ಕ್ಷಮೆ ಕೇಳುತ್ತಾರಲ್ಲ ಎಂದುಕೊಂಡಿದ್ದೆ.

ಆ ಮನೆಯಲ್ಲಿ ಬಟ್ಟೆ ಒಗೆಯಲು, ಇಸ್ತ್ರಿ ಹಾಕಲು, ಚಿಕ್ಕ ಮಗುವನ್ನು ನೋಡಿಕೊಳ್ಳಲು ಇನ್ನೊಬ್ಬಳಿದ್ದಳು. ಕೆಂಪು ಸಮುದ್ರದ ಆಚೆ ದಡದವಳು, ಎತ್ತರದ ಹೆಣ್ಣು, ಮೂವತ್ತು ತುಂಬಿರಲಿಲ್ಲ. ನನ್ನನ್ನು ಖಾಲಾ ಎನ್ನುತ್ತಿದ್ದಳು, ಚಿಕ್ಕಮ್ಮ ಎಂದ ಹಾಗೆ. ನಮ್ಮಿಬ್ಬರ ಮಾತು ಹರಕು ಹಿಂದಿ, ಉಳಿದದ್ದು ಕೈಸನ್ನೆ. ಅವಳ ಊರು ಬೇರೊಂದು ದೊಡ್ಡ ದೇಶದ ಕೈಕೆಳಗೆ ಇತ್ತಂತೆ. ಬಹಳ ವರ್ಷ ಬಡಿದಾಡಿ ಆ ವರ್ಷ ತಮ್ಮದೇ ದೇಶ ಮಾಡಿಕೊಂಡರು. ಸುದ್ದಿ ಬಂದ ದಿನ ಅವಳು ನಾಲಿಗೆ ಆಡಿಸಿ ಉಲುಲು ಎಂದು ಕೂಗಿ, ನನ್ನ ಕೈಯ ಸೌಟು ಕಿತ್ತುಕೊಂಡು ಕುಣಿದಳು. ಒಲೆಯ ಮೇಲಿದ್ದ ಸಾರು ಉಕ್ಕಿ ಹೋಯಿತು.

“ಹಾಗಾದರೆ ಇನ್ನು ಮಗಳ ಹತ್ತಿರ ಹೋಗುತ್ತೀಯಾ?” ಎಂದು ಕೇಳಿದೆ. ಅವಳ ನಾಲ್ಕು ವರ್ಷದ ಮಗಳು ಅಲ್ಲಿ ಅಜ್ಜಿಯ ಜೊತೆ ಇತ್ತು.

ಕುಣಿತ ನಿಂತಿತು. “ಹುಕೂಮ ಮಾಫಿ, ಖಾಲಾ” ಎಂದಳು.

ಹುಕುಂ ಎಂದರೆ ಅಪ್ಪಣೆ, ಅದು ನನಗೆ ಗೊತ್ತು. ಮಾಫಿಯೂ ಗೊತ್ತು. ಇವಳನ್ನು ಹಿಡಿದಿಟ್ಟಿದ್ದ ಯಾವುದೋ ಅಪ್ಪಣೆ ಮಾಫಿಯಾಯಿತು, ಬಿಡುಗಡೆ ಸಿಕ್ಕಿತು. “ಒಳ್ಳೆಯದಾಯಿತು” ಎಂದು ಬೆನ್ನು ತಟ್ಟಿದೆ. ಅವಳು ನನ್ನನ್ನು ದುರುಗುಟ್ಟಿ ನೋಡಿ ಬಟ್ಟೆ ಒಣಹಾಕಲು ಹೋದಳು.

ಆಮೇಲೆ ಇಸ್ತ್ರಿ ಮೇಜಿನ ಮೇಲೆ ರೇಡಿಯೊ ಬಂದು ಕೂತಿತು. ದಿನಾ ಸಂಜೆ ನಾನು “ಹುಕೂಮ?” ಎಂದು ಕೇಳುವುದು, ಅವಳು “ಮಾಫಿ” ಎನ್ನುವುದು. ದಿನಾ ಮಾಫಿ ಮಾಡುವಷ್ಟು ಅಪ್ಪಣೆ ಆ ಬಡ ದೇಶದಲ್ಲಿ ಎಲ್ಲಿತ್ತು? ನಜ್ಮಾದ ಪೇಟೆಗೆ ಹೋದಾಗ ಅವಳ ಮಗುವಿಗೆಂದು ಒಂದು ಡಬ್ಬಿ ಹಲ್ವ ತಂದುಕೊಟ್ಟೆ. ಅದನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು.

ಮನೆಯ ಡ್ರೈವರ್ ಬಂಟ್ವಾಳದ ಕಡೆಯ ಬ್ಯಾರಿ. ಕುಚ್ಚಲಕ್ಕಿ ತರಲು ಹೋಗುವಾಗ ಅವರನ್ನೇ ಕೇಳಿದೆ.

“ಬ್ಯಾರಿಗಳೇ, ಆ ಹುಡುಗಿಗೆ ಊರಿಗೆ ಹೋಗ್ಲಿಕ್ಕೆ ಬಿಟ್ಟಿದ್ದಾರೆ. ಮತ್ತೆ ಎಂತಕ್ಕೆ ಅಳುವುದು ಅವಳು?”

“ಬಿಟ್ಟಿದ್ದಾರೆ ಅಂತ ಯಾರು ಹೇಳಿದ್ದು?”

“ಅವಳೇ. ಹುಕೂಮ ಮಾಫಿ ಅಂತ.”

ಸಿಗ್ನಲ್‌ನಲ್ಲಿ ಗಾಡಿ ನಿಂತಿತ್ತು. ಸ್ಟಿಯರಿಂಗಿಗೆ ಹಣೆ ಇಟ್ಟು ನಕ್ಕರು. “ಬಾಯಮ್ಮ, ನಿಮ್ಮ ತಲೆಯಲ್ಲಿ ಮೆದುಳು ಉಂಟಾ, ಒಣ ಬಂಗುಡೆ ಉಂಟಾ? ಹುಕೂಮ ಅಂದ್ರೆ ಸರ್ಕಾರ. ಮಾಫಿ ಅಂದ್ರೆ ಇಲ್ಲ. ಅವಳ ದೇಶಕ್ಕೆ ಸರ್ಕಾರವೇ ಇಲ್ಲ ಮಾರಾಯ್ರೆ!”

“ದೇಶ ಉಂಟು, ಸರ್ಕಾರ ಇಲ್ಲವಾ? ತಲೆ ಇಲ್ಲದ ಕೋಳಿಯಾ ಅದು?”

“ತಲೆ ಬೇಕಾದಷ್ಟು ಉಂಟಂತೆ. ಯಾವುದನ್ನು ಇಡುವುದು ಅಂತ ಜಗಳ.”

“ಹಾಗಾದ್ರೆ ಆ ಕೊತ್ತಂಬರಿ ಸೊಪ್ಪಿನವ?”

“ಅವ ಕ್ಷಮೆ ಕೇಳಿದ್ದಲ್ಲ, ಬಾಯಮ್ಮ.”

ಮಾತಿನ ಅರ್ಥ ತಿಳಿದ ಮೇಲೆ ನನ್ನ ಗಲಿಬಿಲಿ ಹೆಚ್ಚಾಯಿತು. ನಮ್ಮ ದೇಶ ಸ್ವತಂತ್ರವಾದಾಗ ನಾನು ಐದು ವರ್ಷದವಳು. ಶಾಲೆಯ ಹತ್ತಿರ ಸಕ್ಕರೆ ಹಂಚಿದರು. ಪಟೇಲರು ಹಿಂದಿನವರೇ ಇದ್ದರು, ಪೋಸ್ಟಿನವನೂ ಅವನೇ. ಸರ್ಕಾರವನ್ನು ಹೊಸದಾಗಿ ಮಾಡಬೇಕಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಆ ಸಂಜೆ ಡ್ರೈವರ್ ನಡುವೆ ನಿಂತು ಅವಳ ಮಾತನ್ನು ನನಗೆ ಹೇಳಿದರು. ಅವಳ ಪಾಸ್‌ಪೋರ್ಟ್ ಹಳೆಯ ದೇಶದ್ದು, ಅವಧಿ ಮುಗಿಯುತ್ತಾ ಬಂದಿತ್ತು. ಮನೆಯ ಯಜಮಾನಿ ಕೆಟ್ಟವಳಲ್ಲ, ಆದರೆ ನೇರ ಹೇಳಿದ್ದಳು: ಬೇಸಿಗೆಗೆ ನಾವು ಪರದೇಶಕ್ಕೆ ಹೋಗುವುದರೊಳಗೆ ಹೊಸ ಕಾಗದ ತಾ, ಇಲ್ಲದಿದ್ದರೆ ಹಳೆಯದರಲ್ಲೇ ಕಳಿಸುತ್ತೇನೆ. ಹಳೆಯದರಲ್ಲಿ ಹೋದರೆ ಇಳಿಯುವುದು ಹಳೆಯ ದೇಶದಲ್ಲಿ, ಇವಳ ಕಡೆಯವರನ್ನು ಕಂಡರೆ ಆಗದವರ ನಡುವೆ. ಅಲ್ಲಿಂದ ಮಗಳ ಹತ್ತಿರ ಹೋಗಲು ದಾರಿ ಇಲ್ಲ. ಅವಳ ದೇಶದವರು ದೋಹಾದ ಮುಂತಜಾದಲ್ಲಿ ಕಚೇರಿಗೆಂದು ಒಂದು ಕೋಣೆ ಹಿಡಿದಿದ್ದರು. ಸರ್ಕಾರ ಆಗದೆ ನಾವು ಯಾವ ಕಾಗದಕ್ಕೂ ಸಹಿ ಹಾಕುವಂತಿಲ್ಲ ಎಂದಿದ್ದರು.

“ನಿನ್ನೆವರೆಗೆ ನಡೆಸಿದವನೇ ಒಂದು ಸಹಿ ಹಾಕಲಿ” ಎಂದೆ.

“ನಿನ್ನೆವರೆಗೆ ನಡೆಸಿದವನ ಮೇಲೇ ಅಲ್ಲವಾ ಖಾಲಾ, ನಾವು ಗುಂಡು ಹಾರಿಸಿದ್ದು?” ಎಂದಳು.

ಬೆಟ್ಟದಲ್ಲಿ ಕಾದಾಡಿದವರಿಗೆ ದೊಡ್ಡ ಕುರ್ಚಿ ಬೇಕು. ಪಟ್ಟಣದಲ್ಲಿ ಏಟು ತಿಂದವರಿಗೂ ಬೇಕು. ಪರದೇಶದಲ್ಲಿ ಓದಿ ಬಂದವರು ನಮಗೆ ಮಾತ್ರ ಲೆಕ್ಕಪತ್ರ ಬರುತ್ತದೆ ಎನ್ನುತ್ತಾರೆ. ಒಂದು ಸಂಜೆ ಸರ್ಕಾರ ಆಯಿತು ಎಂದಿತು ರೇಡಿಯೊ. ಮರುದಿನ ಇಬ್ಬರು ಒಲ್ಲೆವು ಎಂದರಂತೆ, ಅದು ಬಿತ್ತು. ಮಂತ್ರಿ ಆಗಲು ಒಲ್ಲೆ ಎನ್ನುವವರ ಸುದ್ದಿ ನಾನು ಆಗಲೇ ಮೊದಲು ಕೇಳಿದ್ದು. ಯಾರು ಒಳ್ಳೆಯವರು, ಯಾರು ಕಳ್ಳರು, ನನಗೆ ತಿಳಿಯಲಿಲ್ಲ. ಅವಳಿಗೂ ಸರಿಯಾಗಿ ತಿಳಿದಿತ್ತೆಂದು ನನಗೆ ಅನ್ನಿಸುವುದಿಲ್ಲ.

ಯಜಮಾನಿಯ ಸೂಟ್‌ಕೇಸುಗಳು ಅಟ್ಟದಿಂದ ಇಳಿದವು. ಹುಡುಗಿ ಇಸ್ತ್ರಿ ಹಾಕುತ್ತಿದ್ದಾಗ ರೇಡಿಯೊದವನು ಹುಕೂಮ ಎಂದ. ನಾನು ಮೀನು ಕೊಯ್ಯುವುದನ್ನು ಬಿಟ್ಟು, ಮಾಫಿ ಈಗ ಬರುತ್ತದೆ ಎಂದು ನಿಂತೆ. ಬರಲಿಲ್ಲ. ಹೆಸರುಗಳು ಬಂದವು, ಒಂದರ ಹಿಂದೆ ಒಂದು. ಸುಟ್ಟ ವಾಸನೆಯೂ ಬಂತು. ಓಡಿಹೋಗಿ ಪ್ಲಗ್ ಕಿತ್ತೆ. ಯಜಮಾನರ ಬಿಳಿ ನಿಲುವಂಗಿಯ ಬೆನ್ನಿನಲ್ಲಿ ಇಸ್ತ್ರಿಪೆಟ್ಟಿಗೆಯ ಅಚ್ಚು ಬಿದ್ದಿತ್ತು.

“ಸಹಿ ಹಾಕುವವ ಯಾರು?” ಎಂದೆ.

“ಗೊತ್ತಿಲ್ಲ. ಇವರಲ್ಲಿ ಒಬ್ಬ.”

“ನಾಳೆ ಇರ್ತಾನಾ?”

ಅವಳು ಚಪ್ಪಲಿ ಹುಡುಕಿದಳು. ಡ್ರೈವರ್ ಯಲ್ಲಾ ಯಲ್ಲಾ ಎಂದು ಗಾಡಿ ತೆಗೆದರು. “ಈ ಸರ್ಕಾರ ಬೀಳುವ ಮೊದಲು ಹೋಗುವ!” ನಾನೂ ಹತ್ತಿದೆ.

ಮುಂತಜಾದ ಕೋಣೆಯಲ್ಲಿ ಗಂಡಸರು ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದರು, ಅಲ್ಲಲ್ಲೇ ಬೈದುಕೊಳ್ಳುತ್ತಲೂ ಇದ್ದರು. ಕನ್ನಡಕದವನೊಬ್ಬ ಫೋನಿನಲ್ಲಿ ಯಾರನ್ನೋ ಕೇಳಿ, ಒಂದು ಸಲ ಊರಿಗೆ ಹೋಗಲಿಕ್ಕೆ ಸಾಕಾಗುವ ಕಾಗದ ಬರೆದು, ಹೊಸ ಮೊಹರು ಒತ್ತಿದ. ತಲೆಕೆಳಗೆ ಒತ್ತಿದ.

“ತಲೆಕೆಳಗಾಯ್ತಲ್ಲ ಬ್ಯಾರಿಗಳೇ!”

“ಸುಮ್ಮನಿರಿ ಬಾಯಮ್ಮ. ಸರ್ಕಾರ ಈಗ ಹುಟ್ಟಿದ್ದಷ್ಟೇ. ಮಗು ತಲೆಕೆಳಗಾಗಿಯೇ ಅಲ್ವಾ ಬರುವುದು?”

ಯಜಮಾನಿ ಆ ಕಾಗದವನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿ ನೋಡಿದಳು. ಸುಟ್ಟ ಅಂಗಿಯನ್ನೂ ನೋಡಿದಳು. “ಖಲಾಸ್, ಆಯಿತು” ಎಂದು ಅವಳನ್ನು ಕಳಿಸಲು ಒಪ್ಪಿ ಟಿಕೆಟ್ ತರಿಸಿದಳು. ಆ ವಾರವೇ ಒಂದು ಮಧ್ಯಾಹ್ನ ಹುಡುಗಿ ಹಲ್ವದ ಡಬ್ಬಿ ಹಿಡಿದುಕೊಂಡು ಹೊರಟಳು. ವಿಮಾನ ನಿಲ್ದಾಣದವನೂ ಕಾಗದವನ್ನು ತಿರುಗಿಸಿ ನೋಡಿ ಒಳಗೆ ಬಿಟ್ಟನೆಂದು ಡ್ರೈವರ್ ಬಂದು ಹೇಳಿದರು. ಆಚೆ ದಡದಲ್ಲಿ ಅದು ನಡೆಯಿತೋ ಇಲ್ಲವೋ, ಆ ಸರ್ಕಾರ ನಿಂತಿತೋ ಬಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವಳು ಹಿಂದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಮಗು ಅಡುಗೆಮನೆಯ ಬಾಗಿಲಿಗೆ ಬಂದು ಅವಳೆಲ್ಲಿ ಎಂದು ಕೇಳಿತು. “ಮಾಫಿ” ಎಂದೆ. ಅದರ ಕೈಗೆ ಹಾಲಿನ ಲೋಟ ಕೊಟ್ಟು, ಯಜಮಾನರ ಇನ್ನೊಂದು ನಿಲುವಂಗಿ ತೆಗೆದು, ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟೆ.