ಒಂದೇ ಹೆಸರಿನ ಇಬ್ಬರು

ನಾನು ಹುಟ್ಟುವ ಮೊದಲೇ ನನ್ನ ಹೆಸರನ್ನು ಒಬ್ಬಳು ಬಳಸಿಯಾಗಿತ್ತು. ನನಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕ ವರ್ಷ ತುಂಬುವಷ್ಟರಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಆಮೇಲೆ ನಾನು ಹುಟ್ಟಿದಾಗ, ಅವಳೇ ತಿರುಗಿ ಬಂದಳೆಂದು ಅವ್ವ ಅದೇ ಹೆಸರಿಟ್ಟಳು. ಗೆಂಡೆಹಳ್ಳಿಯ ನಮ್ಮ ಬೀದಿಯಲ್ಲಿ ಅದೇನೂ ಹೊಸತಲ್ಲ. ಶಾಲೆಗೆ ಸೇರಿಸುವಾಗ ಮನೆಯಲ್ಲಿದ್ದದ್ದು ಅಕ್ಕನ ಜನನಪತ್ರ ಒಂದೇ. ಅಪ್ಪ ಅದನ್ನೇ ಒಯ್ದು, ನಾಲ್ಕು ವರ್ಷದ ನನ್ನನ್ನು ಆರು ವರ್ಷದವಳೆಂದು ಒಂದನೇ ಕ್ಲಾಸಿಗೆ ಕೂರಿಸಿ ಬಂದ. ತಾನು ಮಾಡಿದ ಜಾಣತನವನ್ನು ಬಹಳ ದಿನ ಹೇಳಿಕೊಂಡು ತಿರುಗಿದ.

ಆ ಜಾಣತನ ನನ್ನ ಕುತ್ತಿಗೆಗೆ ಬಂದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಸರ್ಕಾರಿ ಕೆಲಸಕ್ಕೆ ಹಾಕಿದ ಅರ್ಜಿ, ವಯಸ್ಸು ಮೀರಿದೆ ಎಂದು ವಾಪಸ್ ಬಂತು. ಮೀರಿದ್ದು ಅಕ್ಕನ ವಯಸ್ಸು, ನನ್ನದಲ್ಲ. ನನಗಿನ್ನೂ ಎರಡು ವರ್ಷ ಅವಕಾಶವಿತ್ತು. ತಿದ್ದಿಸಬೇಕೆಂದರೆ ನಾವಿಬ್ಬರೂ ಬೇರೆ ಬೇರೆ ಎಂದು ಅವ್ವ ಬರೆಸಿ ಹೆಬ್ಬೆಟ್ಟು ಒತ್ತಬೇಕಿತ್ತು. ಅವ್ವ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಹೋದೋಳೂ ನೀನೇ, ಬಂದೋಳೂ ನೀನೇ ಕಣೇ. ಇನ್ನೊಬ್ಳು ಎಲ್ಲವ್ಳೆ?" ಅಂದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆರು ತಿಂಗಳು ಊರಿನ ಕಡೆ ತಲೆ ಹಾಕಲಿಲ್ಲ. ಅರಸೀಕೆರೆಯ ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಕಂಪ್ಯೂಟರ್ ಅಂಗಡಿ, ಅದರ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ನನ್ನ ಕೆಲಸ. ರೈಲು ಬಂದದ್ದು, ಹೋದದ್ದು ಎರಡೂ ಗೋಡೆಯಲ್ಲಿ ಅದುರುತ್ತಿತ್ತು. ಕೂತಲ್ಲೇ ಕೂತು ನನಗೆ ಉಸಿರುಗಟ್ಟುತ್ತಿತ್ತು.

ಆಗ ಅಲ್ಲಿನದೇ ಒಂದು ಖಾಸಗಿ ಹೆರಿಗೆ ಆಸ್ಪತ್ರೆಗೆ ಪ್ರೋಗ್ರಾಂ ಬರೆಯುವ ಕೆಲಸ ಬಂತು. ಮುಂದಿನ ಟೇಬಲ್ಲಿಗೊಂದು ಕಂಪ್ಯೂಟರ್, ಡಾಕ್ಟರ ಕೋಣೆಗೊಂದು, ಎಲ್ಲರ ದಾಖಲೆ ಇಟ್ಟುಕೊಳ್ಳುವ ಸರ್ವರ್ ಒಳಗಿನ ಔಷಧಿ ಕೋಣೆಯಲ್ಲಿ. ಡಾಕ್ಟರು ಕೇಳಿದಾಗ ಸರ್ವರ್ ಒಬ್ಬಳ ದಾಖಲೆಯ ನಕಲು ಕಳಿಸುತ್ತದೆ. ಅವರು ಅದನ್ನು ತಿದ್ದಿ ಹಿಂದಕ್ಕೆ ಕಳಿಸಿದಾಗ, ಅದು ಯಾರದೆಂದು ಸರ್ವರ್ ಗುರುತು ಹಿಡಿಯಬೇಕು. ನಾನು ಸುಲಭದ ದಾರಿ ಹಿಡಿದೆ. ಹೆಸರು, ಗಂಡನ ಹೆಸರು, ಊರು ಮೂರೂ ತಾಳೆಯಾದರೆ ಅವಳೇ ಇವಳು ಎಂದು ಬರೆದೆ.

ಜಾವಗಲ್ಲಿನ ಒಂದು ಮನೆತನದಲ್ಲಿ ಅಣ್ಣತಮ್ಮಂದಿರಿಬ್ಬರೂ ತಂತಮ್ಮ ಹಿರಿಮಗನಿಗೆ ತಾತನ ಹೆಸರಿಟ್ಟಿದ್ದರು. ಆ ಇಬ್ಬರಿಗೂ ಸಿಕ್ಕ ಹೆಂಡಿರ ಹೆಸರೂ ಒಂದೇ. ಇಬ್ಬರೂ ಬಸುರಿಯರಾಗಿ ಅದೇ ಆಸ್ಪತ್ರೆಗೆ ಬಂದರು. ಒಬ್ಬಳ ರಕ್ತದ ಗುಂಪು ಇನ್ನೊಬ್ಬಳ ದಾಖಲೆಯಲ್ಲಿ ಹೋಗಿ ಕೂತಿತು. ರಕ್ತ ತರಿಸಲು ಚೀಟಿ ಬರೆಯುವ ಹೊತ್ತಿಗೆ, ಮುಖ ನೋಡಿ ಗುರುತಿದ್ದ ನರ್ಸಮ್ಮ ತಡೆದರು.

"ಇವ್ರು ತೋಟದ ಮನೆಯೋರು ಡಾಕ್ಟ್ರೇ. ಕಂಪ್ಯೂಟ್ರಲ್ಲಿ ಐತಲ್ಲ, ಅದು ಊರೊಳಗ್ಲೋರ್ದು."

ಡಾಕ್ಟರು ನನ್ನನ್ನು ಕರೆಸಿ ತೋರಿಸಿದರು, ಬೈಯಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಮನ್ನಿಸಬಹುದಿತ್ತು. ಹೆಸರೊಂದೇ ಆದಮಾತ್ರಕ್ಕೆ ಇಬ್ಬರನ್ನು ಒಬ್ಬಳನ್ನಾಗಿ ಮಾಡಿದರೆ ಏನಾಗುತ್ತದೆಂದು ಬಲ್ಲವಳು ನಾನೇ ಆಗಿದ್ದೆ.

ಪ್ರತಿಯೊಬ್ಬರಿಗೂ ಬದಲಾಗದ ಒಂದು ನಂಬರು ಕೊಡಬೇಕು ಎಂದೆ. ಅಂಗಡಿಯ ಯಜಮಾನರಿಗೆ ಅದು ಇಲ್ಲದ ಉಸಾಬರಿ ಅನ್ನಿಸಿತು. ಅವರಿಗೆ ಬಿಡಿಸಿ ಹೇಳಿದೆ. ಪಕ್ಕದ ಮನೆಯವರು ಒಂದು ಪಾವು ಸಕ್ಕರೆ ಕಡ ಒಯ್ದರೆ, ಅದೇ ಸಕ್ಕರೆ ವಾಪಸ್ ಬರಬೇಕೆಂದು ಯಾರೂ ಕೇಳುವುದಿಲ್ಲ. ಮೇಯಲು ಬಿಟ್ಟ ಹಸುವಿನ ಬದಲು ಅದೇ ಬಣ್ಣದ ಇನ್ನೊಂದು ಹಸು ಬಂದರೆ ಸುಮ್ಮನಿರುತ್ತೀರಾ? ತೂಕ, ಬಿ.ಪಿ., ತಾರೀಕು ಇವೆಲ್ಲ ಸಕ್ಕರೆಯಂಥವು, ಒಂದನ್ನು ತೆಗೆದು ಇನ್ನೊಂದು ಹಾಕಬಹುದು. ಹೆಂಗಸು ಹಾಗಲ್ಲ. ಯಜಮಾನರು ಗೊಣಗುತ್ತಲೇ ಒಪ್ಪಿದರು. ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿ, ಹಳೆಯ ದಾಖಲೆಗಳನ್ನು ಒಂದೊಂದಾಗಿ ಬಿಡಿಸಿ ಮುಗಿಸುವಷ್ಟರಲ್ಲಿ ನನ್ನ ಅರ್ಜಿ ವಾಪಸ್ ಬಂದ ಮೇಲಿನ ಎರಡನೇ ವರ್ಷವೂ ಕಳೆಯಿತು.

ಆಮೇಲೊಂದು ಬೆಳಿಗ್ಗೆ, ಆಸ್ಪತ್ರೆಯ ಮುಂದಿನ ಟೇಬಲ್ಲಿನ ಹುಡುಗಿಗೆ ಕೆಲಸ ಕಲಿಸುತ್ತಾ ಕೂತಿದ್ದೆ. ಹೊಟ್ಟೆನೋವೆಂದು ಅವ್ವ ಬಂದಳು. ಬೇಲೂರು, ಹಳೇಬೀಡು ಎಂದು ಬಸ್ಸು ಬದಲಿಸಿ ಸುಸ್ತಾಗಿದ್ದಳು. ಅವಳ ಹೆಸರು, ಊರು ಎಲ್ಲ ನಾನೇ ತುಂಬಿಸಿದೆ. ಮೇಲೆ ನಂಬರು ಮೂಡಿತು. ಅದೇನೆಂದು ಕೇಳಿದಳು. ಒಂದೇ ಹೆಸರಿನವರು ಇಬ್ಬರಿದ್ದರೆ ಒಬ್ಬರ ಒಳಗೆ ಇನ್ನೊಬ್ಬರು ಮುಳುಗಿಹೋಗಬಾರದು, ಅದಕ್ಕೆ ಎಂದೆ. ಅವ್ವ ತೆರೆಯನ್ನೇ ನೋಡುತ್ತಾ ಕೂತಳು.

ಮುಂದಿನ ಖಾನೆಯಲ್ಲಿ ಬೆರಳು ನಿಂತಿತು. ಎಲ್ಲರನ್ನೂ ಕೇಳುವ ಹಾಗೇ, ಮುಖ ನೋಡದೆ ಕೇಳಿದೆ. "ಎಷ್ಟು ಹೆರಿಗೆ?"

"ಎಲ್ಡು ಅಂತ ಬರ್ಕ," ಅಂದಳು ಅವ್ವ. "ಎಲ್ಡೂ ಹೆಣ್ಣೇ."

ಬದುಕಿರುವ ಮಕ್ಕಳು ಎಷ್ಟು ಎಂಬುದು ಅದರ ಕೆಳಗಿನ ಖಾನೆ. ಅದನ್ನು ನಾನು ಕೇಳಲಿಲ್ಲ. ಒಂದು ಎಂದು ಒತ್ತಿದೆ. ಅವ್ವ ನನ್ನ ತೋಳು ಹಿಡಿದು, ಆ ಸರ್ಕಾರದ ಕಾಗದ ತಂದಿದ್ದೀಯಾ, ಹೆಬ್ಬೆಟ್ಟು ಒತ್ತುತ್ತೇನೆ ಎಂದಳು. ತರುತ್ತೇನೆ ಎಂದೆ. ನನ್ನ ಸ್ವಂತ ವಯಸ್ಸೂ ಮಿತಿ ದಾಟಿ ಅವತ್ತಿಗೆ ಮೂರು ತಿಂಗಳಾಗಿತ್ತೆಂದು ಅವಳಿಗೆ ಹೇಳಲಿಲ್ಲ.