ಕ್ರಾಸಿನ ಕೆಲಸ

ಹಾನಗಲ್ಲಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನನಗೊಂದು ಚಟ. ಯಾವ ಶಬ್ದ ಸಿಕ್ಕರೂ ಅದರ ಬೇರು ಕೆದಕಬೇಕು, ಪಾಠ ಹಿಂದೆ ಬಿದ್ದರೂ ಚಿಂತೆಯಿಲ್ಲ. ಅದರಲ್ಲೂ ‘ಕ್ರಾಸ್’ ಎಂದರೆ ನನಗೆ ಬಲು ಪ್ರೀತಿ. ಬಸ್ಸು ಇಳಿಯುವುದು ಕ್ರಾಸಿನಲ್ಲಿ, ತಪ್ಪು ಉತ್ತರದ ಮೇಲೆ ಬೀಳುವುದು ಕ್ರಾಸು, ಹೆಚ್ಚು ಹಾಲು ಕೊಡುವ ಆಕಳು ಕ್ರಾಸು. ಇಂಗ್ಲಿಷಿನಲ್ಲಿ ಸಿಟ್ಟಾದವರಿಗೂ ಕ್ರಾಸ್ ಎನ್ನುತ್ತಾರೆ ಎಂದಾಗ ಸವಣೂರಿನ ಹುಡುಗಿಯೊಬ್ಬಳು, ಹಾಗಾದರೆ ನೀವು ದಿನಾ ಕ್ರಾಸ್ ಇರುತ್ತೀರಿ ಮೇಡಂ ಎಂದಳು. ಇಡೀ ಕ್ಲಾಸು ನಕ್ಕಿತು. ನನ್ನ ಮೂಗಿನ ತುದಿಯ ಸಿಟ್ಟು ಎಲ್ಲರಿಗೂ ಗೊತ್ತಿದ್ದದ್ದೇ.

ಬೇರು ಲ್ಯಾಟಿನ್ನಿನ ‘ಕ್ರಕ್ಸ್’. ಅಪರಾಧಿಗಳನ್ನು ನೇತುಹಾಕಿ ಕೊಲ್ಲುತ್ತಿದ್ದ ಮರದ ಕಂಬ ಅದು. ತಾಳಲಾರದ ನೋವಿಗೆ ಹೇಳುವ ‘ಎಕ್ಸ್‌ಕ್ರೂಶಿಯೇಟಿಂಗ್’ ಹುಟ್ಟಿದ್ದು ಅದೇ ಕಂಬದಿಂದ. ‘ಕ್ರೂಶಿಯಲ್’ ಕೂಡ ಅದರ ವಂಶದ್ದೇ. ದಾರಿ ಕವಲೊಡೆಯುವಲ್ಲಿ ನೆಟ್ಟ ಕೈಮರದ ನೆನಪು ಆ ಶಬ್ದದಲ್ಲಿದೆ. ಬೋರ್ಡಿನ ಮೇಲೆ ಈ ವಂಶವೃಕ್ಷ ಬರೆದು ಹೆಮ್ಮೆಯಿಂದ ಕೈಯ ಸೀಮೆಸುಣ್ಣದ ಪುಡಿ ಝಾಡಿಸಿಕೊಳ್ಳುತ್ತಿದ್ದೆ.

ನನ್ನ ಅಕ್ಕನ ಕ್ರಾಸು ಬೇರೆ. ಅವಳನ್ನು ಕೊಟ್ಟಿದ್ದು ಹಿರೇಕೆರೂರು ತಾಲೂಕಿನ ಹಳ್ಳಿಗೆ. ಅಬಲೂರಿನ ಆಚೆ, ಬೋರಿನ ನೀರಿದ್ದ ತುಂಡು ಹೊಲದಲ್ಲಿ ಅವರು ಕಂಪನಿಗೆ ಹೈಬ್ರಿಡ್ ಬೀಜ ಬೆಳೆದುಕೊಡುವ ಹತ್ತಿಯ ಪ್ಲಾಟು ಮಾಡಿದ್ದರು. ಮರುದಿನ ಅರಳುವ ಮೊಗ್ಗನ್ನು ಸಂಜೆಯೇ ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಎಸಳನ್ನೂ ಪರಾಗದ ಪುಡಿ ಹಿಡಿಯುವ ಎಳೆಗಳನ್ನೂ ಸುಲಿದು, ಗುರುತಿಗೆಂದು ಕೆಂಪು ಕಾಗದ ಮುಚ್ಚಬೇಕು. ಬೆಳಿಗ್ಗೆ ಕಾಗದ ತೆಗೆದು ಬೇರೆ ತಳಿಯ ಗಂಡು ಹೂವು ತಾಗಿಸಿ, ದಾರ ಕಟ್ಟಬೇಕು. ಇದಕ್ಕೆ ಊರವರು ಹೇಳುವುದು ಕ್ರಾಸಿನ ಕೆಲಸ. ಹೆಂಗಸರು ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಾರೆ. ಇವತ್ತು ನೀ ನನ್ನ ಹೊಲದಲ್ಲಿ ದುಡಿದರೆ ನಾಳೆ ನಾ ನಿನ್ನ ಹೊಲದಲ್ಲಿ.

ಅವಳ ಹೆರಿಗೆಯ ದಿನ ಹತ್ತಿರ ಬಂತೆಂದು ರಜೆ ಹಾಕಿ ಹೋದೆ. ನೋಡಿದರೆ ದಿನ ತುಂಬಿದ ಅಕ್ಕ ಸಂಜೆ ಹೊಲದಲ್ಲಿ ನಿಂತು ಮೊಗ್ಗು ಸುಲಿಯುತ್ತಿದ್ದಳು. ಬಾಯಿಗೆ ಬಂದ ಹಾಗೆ ಬೈದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಸಿಟ್ಟು ಇಳಿದ ಮೇಲೆ, ಬೇರೇನೂ ತೋಚದೆ, ನನ್ನ ಕ್ರಕ್ಸಿನ ಪುರಾಣ ಬಿಚ್ಚಿದೆ. ಅಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು ನಕ್ಕಳು.

“ಮನಷ್ಯಾರನ್ನ ನೇತಹಾಕೂ ಕಂಬದ ಹೆಸರನ್ನ ಹೂವಿನ ಕೆಲಸಕ್ಕ ಯಾರ ಇಟ್ಟಾರವಾ?”

ಇಬ್ಬರೂ ನಗುತ್ತಾ ಮನೆಗೆ ಬಂದೆವು.

ಅದೇ ರಾತ್ರಿ ನೋವು ಶುರುವಾಗಿ, ಬೆಳಕು ಹರಿಯುವ ಮುಂಚೆ ತಾಲೂಕಿನ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಕೂಸು ಗಟ್ಟಿಯಾಗಿ ಅತ್ತಿತು, ನಾವು ಉಸಿರು ಬಿಟ್ಟೆವು. ಆದರೆ ಅಕ್ಕನ ರಕ್ತ ನಿಲ್ಲಲಿಲ್ಲ. ಡಾಕ್ಟರು ತಮ್ಮಿಂದ ಆಗುವುದನ್ನೆಲ್ಲ ಮಾಡುತ್ತಲೇ, ಅವಳ ರಕ್ತ ತುಂಬಿದ ಸಣ್ಣ ಗಾಜಿನ ನಳಿಕೆಯನ್ನು ನನ್ನ ಕೈಗಿತ್ತು, ಜಿಲ್ಲಾ ಕೇಂದ್ರದ ರಕ್ತನಿಧಿಗೆ ಹೋಗಿ ಹೊಂದುವ ರಕ್ತ ತರಬೇಕೆಂದರು. ಭಾವ ಅವಳ ಹತ್ತಿರ ಉಳಿದರು. ಹೊರಡುವಾಗ ಅಕ್ಕ ನನ್ನ ಅಂಗೈ ಹಿಡಿದಳು. ಅವಳ ಉದ್ದ ಉಗುರು ಚುಚ್ಚಿತು. ಬಾಡಿಗೆ ಕಾರಿನಲ್ಲಿ ಆ ನಳಿಕೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಹೋದೆ. ಇನ್ನೂ ಬೆಚ್ಚಗಿತ್ತು.

“ಕ್ರಾಸ್ ಮ್ಯಾಚ್ ಆಗೂತನಕ ಕೊಡಾಕ ಬರೂದಿಲ್ರಿ, ಕುಂತ್ರಿ” ಎಂದರು ಅಲ್ಲಿದ್ದವರು. ಅವಳ ರಕ್ತವನ್ನೂ ಚೀಲದ ರಕ್ತವನ್ನೂ ಕೂಡಿಸಿ ನೋಡುತ್ತಾರಂತೆ, ಒಂದಕ್ಕೊಂದು ಒಗ್ಗದಿದ್ದರೆ ಗಂಟುಗಂಟಾಗುತ್ತದಂತೆ. ಇಲ್ಲೂ ಅದೇ ಶಬ್ದ. ನನ್ನ ಹಾಳು ತಲೆ ಆಗಲೂ ಬೇರು ಹುಡುಕುತ್ತಿತ್ತು, ಕ್ರಕ್ಸ್, ಕಂಬ, ಕೈಮರ. ನನ್ನ ವಿದ್ಯೆಯ ಮೇಲೆ ಅಷ್ಟು ಹೇಸಿಗೆ ಎಂದೂ ಆಗಿರಲಿಲ್ಲ. ಗೋಡೆಗೆ ಹಣೆ ಒತ್ತಿ ನಿಂತೆ. ಗೊತ್ತಿದ್ದ ದೇವರ ಹೆಸರೆಲ್ಲ ಮುಗಿದವು. ಅವಳನ್ನೊಬ್ಬಳನ್ನು ಉಳಿಸು, ಬೇಕಾದರೆ ನನ್ನ ಕಣ್ಣು ತಗೋ, ನಾಲಿಗೆ ತಗೋ ಎಂದು ಯಾರನ್ನು ಬೇಡುತ್ತಿದ್ದೆನೋ ತಿಳಿಯದು. ಕಡೆಗೆ ರಕ್ತ ಒಗ್ಗಿತು. ಚೀಲವನ್ನು ಐಸಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು.

ದಾರಿಯುದ್ದಕ್ಕೂ ಡ್ರೈವರನನ್ನು ಗೋಳು ಹೊಯ್ದುಕೊಂಡೆ, ಇನ್ನೂ ಜೋರಾಗಿ ಓಡಿಸು ಎಂದು. ಆಸ್ಪತ್ರೆಯ ದಾರಿಯೂ ಅಕ್ಕನ ಊರಿನ ದಾರಿಯೂ ಬೇರೆಯಾಗುವ ಕ್ರಾಸಿನ ಹತ್ತಿರ ಭಾವನ ಫೋನು ಬಂತು. ಅವರು ಅಳುತ್ತಿರಲಿಲ್ಲ.

“ಇನ್ನ ಅವಸರ ಇಲ್ಲವಾ. ಊರಿಗೇ ಬಾ.”

ನಾನು ಊರಿನ ದಾರಿಯ ಕಡೆ ಕೈ ತೋರಿಸಿದೆ. ಡ್ರೈವರ್ ನನ್ನ ತೊಡೆಯ ಮೇಲಿನ ಪೆಟ್ಟಿಗೆಯನ್ನೊಮ್ಮೆ ನೋಡಿ ಗಾಡಿ ತಿರುಗಿಸಿದ.

ಊರು ಮುಟ್ಟುವ ಮೊದಲೇ ಅಕ್ಕನ ಹೊಲ. ಅದರ ತುಂಬ ಹೆಂಗಸರು ಬಾಗಿ ಕ್ರಾಸಿನ ಕೆಲಸ ಮಾಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಗಾಡಿ ನಿಲ್ಲಿಸಿ, ಪೆಟ್ಟಿಗೆ ಹಿಡಿದುಕೊಂಡೇ ಸಾಲಿನೊಳಗೆ ನುಗ್ಗಿ ಕಿರುಚಿದೆ. ಒಂದು ಜೀವ ಹೋದ ದಿನವೂ ನಿಮಗೆ ಹೂವೇ ಹೆಚ್ಚಾಯಿತೇ, ಮನೆಗೆ ಹೋಗಿ ಒಂದು ಹನಿ ಕಣ್ಣೀರು ಹಾಕಲು ಪುರುಸೊತ್ತಿಲ್ಲವೇ ಎಂದೆ. ಅಕ್ಕನ ಓರಗೆಯ ಹೆಂಗಸೊಬ್ಬಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ಕಣ್ಣು ಅತ್ತು ಅತ್ತು ಊದಿದ್ದವು.

“ಇವು ಆಕಿ ನಿನ್ನಿ ಸಂಜಿಕ ಸುಲದಿಟ್ಟ ಹೂವು. ಇವತ್ತ ಗಂಡು ಹೂವು ಮುಟ್ಟಸಲಿಲ್ಲಂದ್ರ ಉದುರಿ ಹೊಕ್ಕಾವ. ನಮ್ಮ ಹೊಲದಾಗ ಆಕಿ ದುಡಿದಿದ್ಲರಿ, ನಮ್ಮ ಮುಯ್ಯಿ ಇನ್ನಾ ಉಳಿದಿತ್ತು.”

ನನ್ನ ಸಿಟ್ಟು ಎಲ್ಲಿ ಹೋಯಿತೋ. ಪೆಟ್ಟಿಗೆಯನ್ನು ಬದುವಿನ ಮೇಲೆ, ಬೇವಿನ ನೆರಳಿಗೆ ಇಟ್ಟೆ. ಆ ಹೆಂಗಸು ತನ್ನ ಬುಟ್ಟಿಯಿಂದ ಒಂದು ಗಂಡು ಹೂವು ಎತ್ತಿ ಕೊಟ್ಟು, ಹೇಗೆ ತಾಗಿಸಬೇಕೆಂದು ತೋರಿಸಿದಳು. ನಾನೊಂದು ಕೆಂಪು ಕಾಗದ ಬಿಡಿಸಿದೆ. ಸುಲಿದ ಹೂವಿನ ಬುಡದಲ್ಲಿ ಅಕ್ಕನ ಉಗುರಿನ ಗೀರು ಇನ್ನೂ ಹಸಿಯಾಗಿತ್ತು. ನನ್ನ ಅಂಗೈಯಲ್ಲೂ ಅದೇ ಉಗುರಿನ ಗೀರು ಇತ್ತು. ತಾಗಿಸಹೋದರೆ ಪುಡಿ ಅರ್ಧ ನೆಲಕ್ಕೆ ಬಿತ್ತು. ಮತ್ತೊಂದು ಹೂವು ಕೇಳಿ ಇಸಿದುಕೊಂಡೆ.

ಅಕ್ಕನ ಸಾಲುಗಳೆಲ್ಲ ಮುಗಿದವು. ಆಮೇಲೆ ಎಲ್ಲರೂ ಕೂಡಿ ಅಳುವುದಕ್ಕೆ ಮನೆಗೆ ಹೋದೆವು.